ಹಳ್ಳಿಯೂ ಪಲ್ಲಿಯೂ

ಮಕ್ಕಳೇ, ನನಗೆ ಪುಸ್ತಕಗಳೆಂದರೆ ಬಹಳ ಇಷ್ಟ. ನಿಘಂಟನ್ನು ಕೂಡ ಕಥೆಪುಸ್ತಕದಂತೆ ಓದುತ್ತೇನೆ!

ಹೊಸೂರಿನ ಬಳಿ ಅವಲಪಲ್ಲಿ ಎಂಬ ಊರಿದೆ. ಅಲ್ಲಿನ ಹುಡುಗಿಯೊಬ್ಬಳು ಒಮ್ಮೆ ಸಪ್ಪೆ ಮುಖ ಮಾಡಿಕೊಂಡು, "ತಾತಾ, ನಾವು ಮನೆಯಲ್ಲಿ ಕನ್ನಡ ಮಾತನಾಡುತ್ತೇವೆ. ನಮ್ಮೂರಿನ ಹೆಸರು ಮಾತ್ರ ಕನ್ನಡದ್ದಲ್ಲವಂತೆ" ಎಂದಳು.

ಆ ಸಂಜೆಯೇ ಕಿಟ್ಟೆಲ್ ಅವರ ನಿಘಂಟನ್ನು ತೆರೆದೆ. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದಪ್ಪ ಪುಸ್ತಕ. ಕನ್ನಡ ಪದಗಳ ಜೊತೆಗೆ ಅವುಗಳ ತಮಿಳು, ತೆಲುಗು ನೆಂಟರನ್ನೂ ಅದು ತೋರಿಸುತ್ತದೆ.

ಹಳೆಯ ಕನ್ನಡದಲ್ಲಿ ಹಳ್ಳಿಗೆ 'ಪಳ್ಳಿ' ಎನ್ನುತ್ತಿದ್ದರು. ಹಾಲು 'ಪಾಲ್' ಆಗಿತ್ತು. ಹೂವು 'ಪೂ' ಆಗಿತ್ತು. ಕಾಲ ಕಳೆದಂತೆ ಕನ್ನಡಿಗರ ಬಾಯಲ್ಲಿ 'ಪ'ಕಾರವು 'ಹ'ಕಾರವಾಯಿತು. ತಮಿಳರು ಇಂದಿಗೂ ಪಾಲ್, ಪೂ ಎಂದೇ ಹೇಳುತ್ತಾರೆ. ತೆಲುಗಿನ ಊರ ಹೆಸರುಗಳಲ್ಲಿ 'ಪಲ್ಲಿ' ಹಾಗೆಯೇ ಉಳಿದಿದೆ. ನಮ್ಮ ಹಳ್ಳಿಯೂ ಅವರ ಪಲ್ಲಿಯೂ ಒಂದೇ ಮನೆಯ ಮಕ್ಕಳು!

ಮರುದಿನ ಇದನ್ನು ಹೇಳಿದಾಗ ಅವಳ ಮುಖ ಅರಳಿತು. ಗೋಡೆಯ ಕಡೆಗೆ ಕೈ ತೋರಿಸಿ, "ಹಾಗಾದರೆ ಆ ಹಲ್ಲಿ?" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಹೌದು, ತಮಿಳಿನಲ್ಲಿ ಹಲ್ಲಿಗೂ 'ಪಲ್ಲಿ' ಎಂದೇ ಹೆಸರು!

ಹುಲಿ, ಹತ್ತು, ಹಲ್ಲು – ಈ ಪದಗಳ 'ಹ' ತೆಗೆದು 'ಪ' ಇಡಿರಿ. ತಮಿಳು ಬಲ್ಲ ಗೆಳೆಯರ ಮುಂದೆ ಹೇಳಿ ನೋಡಿರಿ.