ಪಟ್ಟಣ ಕಟ್ಟುವ ಆಟಕ್ಕೆ ನೇಪಲ್ಸ್ ಕೊಲ್ಲಿಯ ನಕ್ಷೆ

ಕಂಪ್ಯೂಟರಿನಲ್ಲಿ ಪಟ್ಟಣ ಕಟ್ಟುವ ಆಟಗಳನ್ನು ಈಗಿನ ಬಾಲಕಿಯರು ಚೆನ್ನಾಗಿ ಬಲ್ಲರು. ಬರಿದಾದ ನೆಲದ ಮೇಲೆ ದಾರಿ, ಮನೆ, ಪೇಟೆ, ಬಂದರುಗಳನ್ನು ಒಂದೊಂದಾಗಿ ನಿಲ್ಲಿಸಿ, ನಿವಾಸಿಗಳಿಗೆ ಅನ್ನನೀರುಗಳನ್ನು ಒದಗಿಸುವುದೇ ಆ ಆಟದ ಕ್ರಮ. ಆದರೆ ಆಟಕ್ಕೆ ಮುಂಚೆ ಆ ನೆಲವನ್ನು ಯಾರಾದರೂ ರಚಿಸಬೇಕಷ್ಟೆ. ಅಂಥ ನಕ್ಷೆಯನ್ನು ರಚಿಸುವ ವಿಧಾನವನ್ನು ಈ ಪಾಠದಲ್ಲಿ ವಿವರಿಸುವೆವು. ಮಾದರಿಗಾಗಿ ಇಟಲಿ ದೇಶದ ನೇಪಲ್ಸ್ ಕೊಲ್ಲಿಯನ್ನು ಆರಿಸಿಕೊಂಡಿದ್ದೇವೆ. ರೋಮಾಪುರಕ್ಕೆ ಸೆರೆಯಾಳಾಗಿ ಹೋಗುತ್ತಿದ್ದ ಅಪೊಸ್ತಲನಾದ ಪೌಲನು ಏಳು ದಿನ ತಂಗಿದ ಪೊತಿಯೋಲವು ಈ ಕೊಲ್ಲಿಯ ದಡದಲ್ಲಿಯೇ ಇದೆ. ಅದರ ಈಗಿನ ಹೆಸರು ಪೊಜ್ಜುವೋಲಿ.

ಮೊದಲನೆಯದು ಭೂಮಿಯ ಆಕಾರ. ಚೌಕಗಳುಳ್ಳ ಕಾಗದದ ಮೇಲೆ ನೈರುತ್ಯಕ್ಕೆ ತೆರೆದ ಕೊಲ್ಲಿಯನ್ನು ಬರೆಯಿರಿ. ಅದರ ವಾಯವ್ಯದ ತುದಿಯಲ್ಲಿ ಮಿಸೇನೋ ಭೂಶಿರ, ಆಗ್ನೇಯದಲ್ಲಿ ಸುಣ್ಣಕಲ್ಲಿನ ಸೊರೆಂಟೊ ಪರ್ಯಾಯದ್ವೀಪ. ನಡುವೆ ನೇಪಲ್ಸ್ ಪಟ್ಟಣ. ಅದರ ಪೂರ್ವಕ್ಕೆ ಸುಮಾರು 1,280 ಮೀಟರ್ ಎತ್ತರದ ವೆಸೂವಿಯಸ್ ಪರ್ವತ. ಪಶ್ಚಿಮಕ್ಕೆ, ಪೊಜ್ಜುವೋಲಿಯ ಸುತ್ತಲೂ, ಕಾಂಪಿ ಫ್ಲೆಗ್ರೇಯಿ ಎಂಬ ಜ್ವಾಲಾಮುಖಿಯ ತಗ್ಗು ಪ್ರದೇಶ.

ಎರಡನೆಯದು ನೆಲದ ಸಂಪತ್ತು. ಜ್ವಾಲಾಮುಖಿಯ ಬೂದಿಯು ಕಾಲಕ್ರಮದಲ್ಲಿ ಕಳಿತು ಫಲವತ್ತಾದ ಮಣ್ಣಾಗುತ್ತದೆ. ಆದಕಾರಣ ವೆಸೂವಿಯಸಿನ ಇಳಿಜಾರುಗಳಲ್ಲಿ ದ್ರಾಕ್ಷಿತೋಟಗಳು ಹುಲುಸಾಗಿವೆ. ಪೊಜ್ಜುವೋಲಿಯ ಬೂದಿಯನ್ನು ಸುಣ್ಣದೊಡನೆ ಬೆರೆಸಿದರೆ ಆ ಗಾರೆಯು ನೀರಿನೊಳಗೂ ಗಟ್ಟಿಯಾಗುವುದು. ರೋಮನರು ಅದರಿಂದಲೇ ಬಂದರುಗಳನ್ನು ಕಟ್ಟಿದರು. ಈ ಲಾಭಗಳೆಲ್ಲ ಬೆಂಕಿಯ ಸಮೀಪದಲ್ಲಿಯೇ ದೊರೆಯುವಂತೆ ನಕ್ಷೆಯಲ್ಲಿ ಗುರುತಿಸಬೇಕು. ನಿರ್ಭಯವಾದ ಸ್ಥಳವೇ ಫಲವತ್ತಾಗಿಯೂ ಇದ್ದರೆ ಆಡುವವಳ ವಿವೇಚನೆಗೆ ಕೆಲಸವಿರದು.

ಮೂರನೆಯದು ಅಪಾಯದ ಕ್ರಮ. ಪರ್ವತದ ಸುತ್ತ ಒಂದು ವೃತ್ತವನ್ನೆಳೆದರೆ ಸಾಲದು. ಕ್ರಿ. ಶ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ಗಾಳಿಯು ಬೂದಿಯನ್ನೂ ಹಗುರವಾದ ಕಲ್ಲುಗಳನ್ನೂ ಆಗ್ನೇಯಕ್ಕೆ ಒಯ್ದು ಪೊಂಪೇಯಿಯ ಮೇಲೆ ಸುರಿಸಿತು. ಪಶ್ಚಿಮದಲ್ಲಿದ್ದ ಹರ್ಕ್ಯುಲೇನಿಯಂ ಊರಿನ ಮೇಲೆ ಮೊದಲು ಬಿದ್ದುದು ಸ್ವಲ್ಪವೇ. ಆ ಬಳಿಕ ಕಾದ ಅನಿಲವೂ ಬೂದಿಯೂ ಇಳಿಜಾರಿನಲ್ಲಿ ಭೋರ್ಗರೆದು ಬಂದು ಅದನ್ನು ಮುಚ್ಚಿಬಿಟ್ಟವು. ಹೀಗಿರುವುದರಿಂದ ಗಾಳಿಯ ದಿಕ್ಕಿಗೆ ಒಂದು ಗುರುತು, ಇಳಿಜಾರಿಗೆ ಮತ್ತೊಂದು ಗುರುತು ಅವಶ್ಯ. ಪೊಜ್ಜುವೋಲಿಯಲ್ಲಾದರೋ ನೆಲವೇ ಏರಿ ಇಳಿಯುತ್ತದೆ. ಅಲ್ಲಿಯ ಪುರಾತನ ಪೇಟೆಯ ಕಂಬಗಳಲ್ಲಿ ಕಡಲ ಚಿಪ್ಪುಜೀವಿಗಳು ಕೊರೆದ ತೂತುಗಳು ಆಳೆತ್ತರಕ್ಕೂ ಮೇಲೆ ಕಾಣುತ್ತವೆ. ಸಮುದ್ರವು ಒಮ್ಮೆ ಅಲ್ಲಿಯವರೆಗೆ ನಿಂತಿತ್ತೆಂಬುದಕ್ಕೆ ಅವೇ ಸಾಕ್ಷಿ. 1982ರಿಂದ 1984ರೊಳಗೆ ಆ ನೆಲವು ಸುಮಾರು 1.8 ಮೀಟರಿನಷ್ಟು ಮೇಲೆದ್ದಿತು. ಆದುದರಿಂದ ಈ ನಕ್ಷೆಯಲ್ಲಿ ದಡದ ರೇಖೆಯು ಸ್ಥಿರವಾಗಿರಬಾರದು. ಆಳವಾದ ಬಂದರು ತೆಳುನೀರಿನದಾಗಲು ಅವಕಾಶವಿರಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಗೆ ಹೋಗುವ ದಾರಿ. ಹರ್ಕ್ಯುಲೇನಿಯಮಿನ ಹಳೆಯ ಸಮುದ್ರತೀರವನ್ನು 1980ರ ದಶಕದಿಂದೀಚೆಗೆ ಅಗೆದಾಗ ದೋಣಿಮನೆಗಳಲ್ಲಿಯೂ ಮರಳಿನ ಮೇಲೂ ಸುಮಾರು 300 ಮಂದಿಯ ಎಲುಬುಗಳು ದೊರೆತವು. ತಾಯಂದಿರೂ ಮಕ್ಕಳೂ ಅವರಲ್ಲಿದ್ದರು. ವೆಸೂವಿಯಸ್ 1944ರ ತರುವಾಯ ಸ್ಫೋಟಿಸಿಲ್ಲ. ಆದರೂ ಅದರ ಅಪಾಯವಲಯದಲ್ಲಿ ಈಗ ಆರು ಲಕ್ಷಕ್ಕೂ ಮೇಲ್ಪಟ್ಟ ಜನರು ವಾಸವಾಗಿದ್ದಾರೆ. ಅವರೆಲ್ಲರನ್ನೂ 72 ತಾಸುಗಳೊಳಗೆ ಸಾಗಿಸಬೇಕೆಂಬುದು ಇಟಲಿ ಸರಕಾರದ ಯೋಜನೆ. ನಮ್ಮ ಆಟಕ್ಕೂ ಇದೇ ನಿಯಮವಾಗಲಿ: ನೆಲದಿಂದಲೂ ನೀರಿನಿಂದಲೂ ಹೊರದಾರಿ ತೋರಿಸದೆ ಹೊಸ ಮನೆ ಕಟ್ಟಕೂಡದು, ಮುನ್ನೆಚ್ಚರಿಕೆಯ ಗಂಟೆ ಬಾರಿಸಿದ ಮೇಲೆ 72 ತಾಸುಗಳಲ್ಲಿ ಪಟ್ಟಣವು ಬರಿದಾಗಬೇಕು. ಕಟ್ಟಿದ ಮಾಳಿಗೆಗಳನ್ನಲ್ಲ, ಉಳಿದ ಜೀವಗಳನ್ನು ಎಣಿಸಿ ಜಯವನ್ನು ನಿರ್ಣಯಿಸಬೇಕು.

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ವೆಚ್ಚವನ್ನು ಲೆಕ್ಕಿಸಬೇಕೆಂಬ ಸುವಾರ್ತೆಯ ಬೋಧನೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಮುಂದಿನ ರಜೆಯಲ್ಲಿ ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ ಒಂದು ಚೌಕದ ಕಾಗದವನ್ನೂ ಸೀಸದಕಡ್ಡಿಯನ್ನೂ ಕೊಟ್ಟು, ಮನೆಗಳಿಗಿಂತ ಮುಂಚೆ ದಾರಿಗಳನ್ನು ಬರೆಯುವಂತೆ ಹೇಳಬೇಕೆಂದು ವಿಜ್ಞಾಪಿಸುತ್ತೇವೆ.