ಪಿಎಚ್.ಡಿ ಮೊದಲ ವರ್ಷ: ಹೊಸ ಬದುಕಿಗೆ ಒಗ್ಗಿಕೊಳ್ಳುವುದು ಹೇಗೆ?

ಎಂ.ಎ., ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದವರನ್ನು ಮೊದಲ ತಿಂಗಳುಗಳಲ್ಲಿ ಕಾಡುವುದು ಓದಿನ ಕಷ್ಟಕ್ಕಿಂತ ಹೆಚ್ಚಾಗಿ ಖಾಲಿ ದಿನಗಳು. ಟೈಮ್‌ಟೇಬಲ್ ಇಲ್ಲ, ಇಂಟರ್ನಲ್ಸ್ ಇಲ್ಲ, ಯಾವ ಪುಸ್ತಕ ಎಷ್ಟು ಓದಿದರೆ ಸಾಕು ಎಂದು ಹೇಳುವವರಿಲ್ಲ. ಪಕ್ಕದ ಮೇಜಿನವರ ವಿಷಯವೇ ಬೇರೆ. ಹಾಗಾಗಿ ತಾನು ಮುಂದಿದ್ದೇನೋ ಹಿಂದಿದ್ದೇನೋ ಎಂಬುದೂ ತಿಳಿಯದು. ಅದುವರೆಗೆ ರ‍್ಯಾಂಕ್ ಪಡೆದು ಬಂದವರಿಗೇ ಇದು ಹೆಚ್ಚು ಕಂಗೆಡಿಸುತ್ತದೆ. ಮೊದಲ ವರ್ಷ ಪ್ರಬಂಧದ ವಿಷಯ ಪಕ್ಕಾ ಆಗದಿದ್ದರೂ ನಡೆಯುತ್ತದೆ. ಆದರೆ ಒಂದು ದಿನಚರಿ ಮತ್ತು ಗೊತ್ತಿಲ್ಲದ್ದನ್ನು ಸಂಕೋಚವಿಲ್ಲದೆ ಕೇಳುವ ಅಭ್ಯಾಸ, ಇವೆರಡು ಮಾತ್ರ ಆ ವರ್ಷದೊಳಗೆ ಕೂಡಿಬರಲೇಬೇಕು.

ಮೊದಲ ವಾರ: ನಿಯಮಾವಳಿ ಓದಿ

ಸೀನಿಯರ್‌ಗಳು ಬಾಯಿಮಾತಿನಲ್ಲಿ ಹೇಳುವ ನಿಯಮಗಳಲ್ಲಿ ಎಷ್ಟೋ ಹಳೆಯವು. ಯುಜಿಸಿಯ ಪಿಎಚ್.ಡಿ ನಿಯಮಗಳು 2022ರಲ್ಲಿ ಬದಲಾಗಿವೆ. ಅವುಗಳ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೂ 2 ವರ್ಷದವರೆಗೆ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇದರ ಮೇಲೆ 2 ವರ್ಷಗಳ ಸಡಿಲಿಕೆ ಇದೆ. ಇಡೀ ಅವಧಿಯಲ್ಲಿ ಮಹಿಳೆಯರು ಹೆರಿಗೆ ಅಥವಾ ಶಿಶುಪಾಲನೆಗೆಂದು 240 ದಿನಗಳವರೆಗೆ ರಜೆ ಪಡೆಯಬಹುದು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ನದು, ಅದರಲ್ಲಿ ಶೇ 55 ಅಂಕ ಬೇಕು. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಿರಲೇಬೇಕು ಎಂಬ ಹಳೆಯ ಕಡ್ಡಾಯವನ್ನು ಯುಜಿಸಿ ಕೈಬಿಟ್ಟಿದೆ. ಆದರೂ ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು. ಹಾಗಾಗಿ ಪಿಎಚ್.ಡಿ ವಿಭಾಗದಿಂದ ಅದರ ನಿಯಮಾವಳಿಯ ಪ್ರತಿಯನ್ನೂ ತಂದು, ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಎದುರು ಅಂಟಿಸಿಕೊಳ್ಳಿ.

ಮೊದಲ ತಿಂಗಳು: ದುಡ್ಡಿನ ಲೆಕ್ಕ

2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ ಆದ ಮೇಲೆ 42,000; ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಸೇರಿದ ತಿಂಗಳೇ ಇದು ಖಾತೆಗೆ ಬರುತ್ತದೆ ಎಂದು ನಂಬಿಕೊಳ್ಳಬೇಡಿ. ಜಾಯಿನಿಂಗ್ ರಿಪೋರ್ಟ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಗೈಡ್ ಮತ್ತು ವಿಭಾಗದ ಮುಖ್ಯಸ್ಥರ ಸಹಿ ಎಲ್ಲ ಸರಿಯಾಗಿ, ಕಚೇರಿಯವರು ಅದನ್ನು ಮೇಲಕ್ಕೆ ಕಳಿಸಿ, ಹಣ ಬಿಡುಗಡೆಯಾಗುವ ಹೊತ್ತಿಗೆ ತಿಂಗಳುಗಳೇ ಉರುಳಬಹುದು. ನಾಲ್ಕೈದು ತಿಂಗಳ ಮೆಸ್ ಬಿಲ್, ಬಾಡಿಗೆ, ಓಡಾಟದ ಖರ್ಚು ಕೈಯಲ್ಲಿ ಇರುವಂತೆ ಮನೆಯವರ ಜೊತೆ ಮೊದಲೇ ಮಾತಾಡಿ. ಸಲ್ಲಿಸಿದ ಪ್ರತಿ ಕಾಗದದ ಜೆರಾಕ್ಸ್ ಇಟ್ಟುಕೊಳ್ಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಬಾಕಿ ಹಣ ಒಟ್ಟಿಗೆ ಬಂದಾಗ ಊರಿಗೆ ಕಳಿಸುವ ಮೊದಲು ನಿಮ್ಮ ಮುಂದಿನ ಮೂರು ತಿಂಗಳ ಖರ್ಚನ್ನು ಎತ್ತಿಡಿ. ಮನೆಗೆ ಆಸರೆಯಾಗಬೇಕಾದ ಮಕ್ಕಳಿಗೆ ಇದು ಹೇಳಿದಷ್ಟು ಸುಲಭವಲ್ಲ, ಆದರೂ ಮಾಡಲೇಬೇಕು.

ಫೆಲೋಶಿಪ್ ಇಲ್ಲದೆ, ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಪಿಎಚ್.ಡಿ ಮಾಡುವವರು ನಮ್ಮಲ್ಲಿ ಬಹಳ. ಅಂಥವರು ನೋಂದಣಿ ಪೂರ್ಣಕಾಲಿಕವೋ ಅರೆಕಾಲಿಕವೋ ಎಂಬುದನ್ನು ಆರಂಭದಲ್ಲೇ ಖಚಿತಪಡಿಸಿಕೊಳ್ಳಬೇಕು. ಅರೆಕಾಲಿಕವಾದರೆ ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ.

ಗೈಡ್ ಜೊತೆ ಒಡನಾಟ

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಜಾಗ ಇದು. ಒಬ್ಬ ಪ್ರೊಫೆಸರ್ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳವರೆಗೆ ತೆಗೆದುಕೊಳ್ಳಬಹುದು. ಅದರ ಮೇಲೆ ಅವರಿಗೆ ಪಾಠ, ಮೌಲ್ಯಮಾಪನ, ಸಭೆಗಳು. ‘ಸರ್ ಕರೆದಾಗ ಹೋದರಾಯಿತು’ ಎಂದು ಕೂತರೆ ಅರ್ಧ ವರ್ಷ ಹಾಗೇ ಕಳೆದುಹೋಗುತ್ತದೆ. ‘ಸರ್, ಪ್ರತಿ ಗುರುವಾರ ಮಧ್ಯಾಹ್ನ ಅರ್ಧ ಗಂಟೆ ಸಮಯ ಕೊಡ್ತೀರಾ?’ ಎಂದು ನೀವೇ ಕೇಳಿ. ವಾರಕ್ಕೊಮ್ಮೆ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆಯಾದರೂ ಸರಿ, ದಿನ ಮಾತ್ರ ಗೊತ್ತಾಗಿರಲಿ.

ಬರಿಗೈಯಲ್ಲಿ ಹೋಗಬೇಡಿ. ಒಂದೇ ಪುಟದಲ್ಲಿ ಏನು ಓದಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ನಿಮ್ಮಿಂದ ಏನು ಬೇಕು ಎಂದು ಬರೆದುಕೊಂಡು ಹೋಗಿ. ಏನೂ ಕೆಲಸ ಆಗದ ವಾರವೂ ತಪ್ಪಿಸಬೇಡಿ. ಗೈಡ್‌ಗೆ ಮುಖ ತೋರಿಸಲು ಅಂಜಿ ಕಾರಿಡಾರ್ ಬದಲಿಸಿ ಓಡಾಡುವುದು ಶುರುವಾಗುವುದೇ ಇಂಥ ವಾರದಿಂದ. ಮಾತುಕತೆ ಮುಗಿದ ದಿನವೇ ಒಂದು ಚಿಕ್ಕ ಮೇಲ್ ಹಾಕಿ. ಅಡಿಕೆ ಸಹಕಾರ ಸಂಘಗಳ ಬಗ್ಗೆ ಅಧ್ಯಯನ ಮಾಡುವವರು ಹೀಗೆ ಬರೆಯಬಹುದು:

‘ಮೇಡಂ, ನಮಸ್ಕಾರ. ಇವತ್ತು ತಾವು ಹೇಳಿದಂತೆ ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳಿಗಷ್ಟೇ ಕ್ಷೇತ್ರಕಾರ್ಯ ಸೀಮಿತಗೊಳಿಸುತ್ತೇನೆ. ಸಂಘಗಳ ವಾರ್ಷಿಕ ವರದಿ ನೋಡಲು ವಿಭಾಗದ ಪತ್ರ ಬೇಕಿತ್ತು, ಕರಡು ಲಗತ್ತಿಸಿದ್ದೇನೆ. ಮುಂದಿನ ಗುರುವಾರದೊಳಗೆ ಪ್ರಶ್ನಾವಳಿ ಸಿದ್ಧಪಡಿಸುತ್ತೇನೆ.’

ಮೂರೇ ವಾಕ್ಯ, ಆದರೆ ಏನು ತೀರ್ಮಾನವಾಯಿತು ಎಂಬುದಕ್ಕೆ ದಾಖಲೆ ಉಳಿಯಿತು. ಆರು ತಿಂಗಳ ನಂತರ ‘ನಾನು ಹಾಗೆ ಹೇಳಿರಲಿಲ್ಲವಲ್ಲ’ ಎಂಬ ಮಾತು ಬಂದರೆ ಇಬ್ಬರ ಮನಸ್ಸೂ ಕೆಡುವುದಿಲ್ಲ.

ಗೌರವ ಇರಬೇಕು, ಹೆದರಿಕೆ ಇರಬಾರದು. ಮನೆಗೆಲಸ, ಸ್ವಂತ ಓಡಾಟದ ಕೆಲಸಗಳನ್ನು ಹೇಳುವ ಗೈಡ್‌ಗಳೂ ಇದ್ದಾರೆ ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಮೊದಲ ಸಲವೇ ‘ಇವತ್ತು ಫೀಲ್ಡ್‌ಗೆ ಹೋಗಬೇಕಿತ್ತು ಸರ್’ ಎಂದು ಮೆಲ್ಲಗೆ ಹೇಳಿಬಿಡಿ. ಹತ್ತನೇ ಸಲ ಹೇಳುವುದು ಕಷ್ಟ. ಲೈಂಗಿಕ ಕಿರುಕುಳದ ವಿಷಯದಲ್ಲಿ ಮಾತ್ರ ನಯವಾಗಿ ಹೇಳಿ ಕಾಯುತ್ತ ಕೂರಬೇಡಿ. ಆಂತರಿಕ ದೂರು ಸಮಿತಿ ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಬೇಕೆಂಬುದು ಕಾನೂನು. ಅದರ ಸದಸ್ಯರ ಹೆಸರುಗಳನ್ನು ಸೇರಿದ ವಾರವೇ ತಿಳಿದಿಟ್ಟುಕೊಳ್ಳಿ.

ಓದು, ಟಿಪ್ಪಣಿ

ಒಂದು ಸಂಶೋಧನಾ ಲೇಖನವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಾದಂಬರಿಯಂತೆ ಓದುವ ಅಗತ್ಯವಿಲ್ಲ. ಮೊದಲು ಸಾರಾಂಶ, ಆಮೇಲೆ ಕೋಷ್ಟಕ ಮತ್ತು ಚಿತ್ರಗಳು, ನಂತರ ಕೊನೆಯ ಭಾಗ. ನಿಮಗೆ ಬೇಕಾದದ್ದೇ ಎಂದು ಖಚಿತವಾದರೆ ಮಾತ್ರ ಪೂರ್ತಿ ಓದಿ. ಓದಿ ಮುಗಿಸಿದ ಕೂಡಲೇ ಲೇಖಕರ ಪ್ರಶ್ನೆ ಏನು, ಆಕರ ಯಾವುದು, ಏನು ಕಂಡುಕೊಂಡರು, ನನ್ನ ಅನುಮಾನ ಏನು ಎಂಬ ನಾಲ್ಕಕ್ಕೆ ನಿಮ್ಮ ಮಾತಿನಲ್ಲೇ ಉತ್ತರ ಬರೆಯಿರಿ. ಆ ನಾಲ್ಕನೆಯದನ್ನು ಬಿಡಲೇಬೇಡಿ, ನಿಮ್ಮ ಪ್ರಬಂಧ ಹುಟ್ಟುವುದು ಅಲ್ಲಿಂದ.

ಆಕರಗಳ ವಿವರವನ್ನು ಮೊದಲ ದಿನದಿಂದಲೇ ಜೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಸೇರಿಸುತ್ತ ಬನ್ನಿ. ಶಾಸನ ಓದುವವರು ಇನ್ನೂ ಎಚ್ಚರವಾಗಿರಬೇಕು. ‘ಎಪಿಗ್ರಾಫಿಯಾ ಕರ್ನಾಟಿಕಾ’ದಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆಯ ಜೊತೆಗೆ ರೈಸ್ ಅವರ ಹಳೆಯ ಆವೃತ್ತಿಯೋ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯೋ ಎಂಬುದನ್ನೂ ಬರೆಯದಿದ್ದರೆ, ನಾಲ್ಕು ವರ್ಷದ ನಂತರ ಅದೇ ಶಾಸನ ಹುಡುಕಲು ದಿನಗಟ್ಟಲೆ ಹೋಗುತ್ತದೆ. ಎರಡರಲ್ಲಿ ಸಂಖ್ಯೆಗಳು ಬೇರೆ ಬೇರೆ. ಲ್ಯಾಬ್‌ನಲ್ಲಿರುವವರು ಕೆಟ್ಟುಹೋದ ಪ್ರಯೋಗವನ್ನೂ ದಿನಾಂಕ ಹಾಕಿ ನೋಟ್‌ಬುಕ್‌ನಲ್ಲಿ ಬರೆಯಬೇಕು.

ನಿಮ್ಮ ವಿಷಯದಲ್ಲಿ ಈಗಾಗಲೇ ಆಗಿರುವ ಪ್ರಬಂಧಗಳನ್ನು ‘ಶೋಧಗಂಗಾ’ದಲ್ಲಿ ಹುಡುಕಿ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳು ದೊರೆಯುತ್ತಿವೆ. ಲಾಗಿನ್ ಹೇಗೆ ಎಂದು ಗ್ರಂಥಪಾಲಕರನ್ನು ಕೇಳಿ. ಕ್ಯಾಂಪಸ್‌ನಲ್ಲಿ ಸಂಶೋಧನಾರ್ಥಿಗಳು ಅತಿ ಕಡಿಮೆ ಬಳಸಿಕೊಳ್ಳುವ ನೆರವೆಂದರೆ ಗ್ರಂಥಪಾಲಕರದೇ ಎಂದು ನನಗನ್ನಿಸುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿಬಂದವರಿಗೆ ಇಂಗ್ಲಿಷ್ ಸೆಮಿನಾರ್ ದೊಡ್ಡ ಭಯ. ವಿಷಯವನ್ನು ಮೊದಲು ಕನ್ನಡದಲ್ಲಿ, ಬೇರೆ ವಿಭಾಗದ ಗೆಳೆಯರಿಗೆ ವಿವರಿಸಿ. ಅವರಿಗೆ ಅರ್ಥವಾಯಿತೆಂದರೆ ವಿಷಯ ನಿಮ್ಮ ಕೈಯಲ್ಲಿದೆ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ, ಖಾಲಿ ಕ್ಲಾಸ್‌ರೂಮಿನಲ್ಲಿ ನಿಂತು ಎರಡು ಮೂರು ಸಲ ಗಟ್ಟಿಯಾಗಿ ಹೇಳಿ. ಮಾನವಿಕ ವಿಭಾಗದವರು ಪ್ರಬಂಧವನ್ನು ಕನ್ನಡದಲ್ಲೇ ಸಲ್ಲಿಸಲು ಅವಕಾಶ ಇದೆಯೇ ಎಂದೂ ವಿಚಾರಿಸಿ.

ಬರವಣಿಗೆ ಮುಂದೂಡಬೇಡಿ

ಎಲ್ಲ ಓದಿದ ಮೇಲೆ ಬರೆಯುತ್ತೇನೆ ಎಂದವರ ಓದು ಮುಗಿಯುವುದೇ ಇಲ್ಲ. ಬೆಳಗಿನ ಒಂದು ಗಂಟೆ, ಫೋನ್ ಬೇರೆ ಕೋಣೆಯಲ್ಲಿಟ್ಟು, ಕೆಟ್ಟದಾಗಿಯಾದರೂ ಬರೆಯಿರಿ. ಎತ್ತಿಕೊಂಡ ಮಾತು ಯಾರದೆಂದು ಅಲ್ಲಿಯೇ ಗುರುತಿಸಿ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, 40ರವರೆಗಾದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಇಂಗ್ಲಿಷ್ ಪುಸ್ತಕವನ್ನು ಕನ್ನಡಕ್ಕೆ ಇಳಿಸಿ ಹೆಸರು ಹೇಳದಿದ್ದರೆ ತಂತ್ರಾಂಶದ ಕಣ್ಣಿಗೆ ಬೀಳದಿರಬಹುದು, ಅದೂ ಕಳ್ಳತನವೇ.

ಮನೆ, ಮನಸ್ಸು

‘ಇನ್ನೂ ಎಷ್ಟು ವರ್ಷ ಓದೋದು?’ ಎಂಬ ಪ್ರಶ್ನೆ ಪ್ರತಿ ಹಬ್ಬದಲ್ಲೂ ಬರುತ್ತದೆ. ಅಪ್ಪ ಅಮ್ಮನನ್ನು ಒಮ್ಮೆ ವಿಭಾಗಕ್ಕೆ ಕರೆದುಕೊಂಡು ಹೋಗಿ, ಕೂರುವ ಜಾಗ, ಮಾಡುವ ಕೆಲಸ ತೋರಿಸಿ. ಅರ್ಧ ಆತಂಕ ಅಲ್ಲಿಗೇ ಇಳಿಯುತ್ತದೆ. ಭಾನುವಾರ ಮಧ್ಯಾಹ್ನವಾದರೂ ಕೆಲಸ ಬಿಡಿ. ಊಟಕ್ಕೆ ಒಬ್ಬರೇ ಹೋಗಬೇಡಿ. ನಿದ್ದೆ ಬಾರದೆ, ಏನೂ ಬೇಡ ಎನಿಸುತ್ತ ಎರಡು ವಾರ ಕಳೆದರೆ ಅದನ್ನು ಸೋಮಾರಿತನ ಎಂದು ಬೈದುಕೊಳ್ಳದೆ ವೈದ್ಯರನ್ನು ಕಾಣಿ. ‘ಟೆಲಿ ಮಾನಸ್’ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆರು ತಿಂಗಳ ಪರಿಶೀಲನೆ

ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಆಗದಿರುವುದನ್ನು ಅಡಗಿಸದೆ, ಏಕೆ ಆಗಲಿಲ್ಲ, ಈಗ ಏನು ಮಾಡುತ್ತಿದ್ದೀರಿ ಎಂದು ಹೇಳಿ. ವಿಷಯ ಬದಲಿಸಬೇಕೆನಿಸಿದರೂ ಗೈಡ್ ಬದಲಾಗಬೇಕೆನಿಸಿದರೂ ಮೊದಲ ವರ್ಷದಲ್ಲೇ ಮಾತೆತ್ತುವುದು ಲೇಸು, ಮೂರನೆಯ ವರ್ಷದಲ್ಲಿ ಅದರ ಬೆಲೆ ದೊಡ್ಡದು. ಸಮಿತಿಯವರು ಹೇಳಿದ ತಿದ್ದುಪಡಿಗಳನ್ನು ಅಂದೇ ಟೈಪ್ ಮಾಡಿ, ಗೈಡ್‌ಗೆ ತೋರಿಸಿ ಸಹಿ ಹಾಕಿಸಿ, ಒಂದು ಪ್ರತಿಯನ್ನು ವಿಭಾಗದ ಕಚೇರಿಗೆ ಕೊಟ್ಟು ಇನ್ನೊಂದನ್ನು ನಿಮ್ಮ ಫೈಲಿಗೆ ಸೇರಿಸಿ.