ಅಜ್ಜನ ವಾಚಿಗೆ ಕೀಲಿ ಕೊಡಿ

ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಂದವರು ಮಕ್ಕಳು ಹಟ ಹಿಡಿದರೆಂದು ಅಗ್ಗದ ವಾಚು, ಗಾಗಲ್ಸ್ ಕೊಡಿಸುವ ಮುನ್ನ ತುಸು ತಡೆಯಿರಿ. ಪಟ್ಟಿ ಹರಿದರೆ, ಕಡ್ಡಿ ಮುರಿದರೆ ಅವು ನೇರ ತಿಪ್ಪೆಗೆ. ಗಾಜು ಕಪ್ಪಗಿದ್ದ ಮಾತ್ರಕ್ಕೆ ಅತಿನೇರಳೆ ಕಿರಣವನ್ನು ತಡೆಯುವುದೂ ಇಲ್ಲ.

ಮನೆಯಲ್ಲಿ ಅಜ್ಜನ ಎಚ್‌ಎಂಟಿ ಇದ್ದರೆ ಹೊರತೆಗೆಯಿರಿ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನೊಂದಿಗೆ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರು ಮಾಡಿದ ಕಂಪನಿಯದು. ಅದರ ‘ಜನತಾ’, ‘ಪೈಲಟ್’ ವಾಚುಗಳಿಗೆ ಸೆಲ್ಲೇ ಬೇಡ. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಸುತ್ತಿಕೊಂಡು ಮರುದಿನದವರೆಗೆ ಓಡಿಸುತ್ತದೆ. ನಿಂತುಹೋಗಿದ್ದರೆ ಎಷ್ಟೋ ಸಲ ಕಾರಣ ಒಣಗಿದ ಎಣ್ಣೆ, ಕೂತ ಧೂಳು. ಬಲ್ಲವರು ಬಿಚ್ಚಿ, ತೊಳೆದು, ಹನಿ ಎಣ್ಣೆ ಬಿಟ್ಟರೆ ಮತ್ತೆ ನಡೆಯುತ್ತದೆ.

ಕನ್ನಡಕಕ್ಕೆ ಅಸಿಟೇಟ್ ಫ್ರೇಮು ಕೇಳಿ ನೋಡಿ. ಅದರ ಮೂಲ ಕಟ್ಟಿಗೆಯ ತಿರುಳು, ಹತ್ತಿಯ ನಾರು. ನಮ್ಮ ಎರೆಹೊಲಗಳಿಗೆ ಹತ್ತಿ ಹೊಸದೇನಲ್ಲ. ಆದರೆ ಫ್ರೇಮಿನಲ್ಲಿ ರಾಸಾಯನಿಕವೂ ಬೆರೆತಿರುತ್ತದೆ, ‘ಪೂರಾ ನೈಸರ್ಗಿಕ’ ಎಂದರೆ ನಂಬಬೇಡಿ. ಸೊಟ್ಟಗಾದರೆ ಬಿಸಿ ಮಾಡಿ ತಿದ್ದಬಹುದು, ಅದೇ ಅದರ ದೊಡ್ಡ ಗುಣ. ನಂಬರು ಬದಲಾದರೆ ಗಾಜಷ್ಟೇ ಬದಲಿಸಿ, ಫ್ರೇಮು ಉಳಿಸಿಕೊಳ್ಳಿ. ಇನ್ನು ಮನೆಯಲ್ಲಿ ಸೆಲ್ಲಿನ ವಾಚಿದ್ದರೆ, ಅದರ ತೀರಿದ ಗುಂಡಿ ಸೆಲ್ಲು ಮಾತ್ರ ಕೂಸುಗಳ ಕೈಗೆ ಸಿಗದಿರಲಿ. ನುಂಗಿದರೆ ಜೀವಕ್ಕೇ ಅಪಾಯ.